ಬಲಜೇಬಿನ ಬಿರಡೆ

೧

ಎಲ್ಲಿಂದ ಶುರು ಮಾಡಲಿ? ಬಾಟಲಿ ತೆರೆಯುವ ಸದ್ದಿನಿಂದ ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: 'ಟಪ್ ಎಂದು ಬಿರಡೆ ಹಾರಿತು.' ಬರೆದು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಓದಿದೆ. ನಾಚಿಕೆಯಾಯಿತು. ಟಪ್ ಎಂದು ಹಾರುವುದು ನೊರೆಯುಕ್ಕುವ ವೈನಿನ ಬಿರಡೆ. ನನ್ನ ಕಥೆಯಲ್ಲಿರುವುದು ಕೆಂಪು ವೈನು. ಅದರ ಬಿರಡೆ ಹಾರುವುದಿಲ್ಲ, ಅಲ್ಲಾಡುವ ಹಲ್ಲಿನ ಹಾಗೆ ಎಳೆದಷ್ಟು ಎಳೆದಷ್ಟು ನಿಧಾನಕ್ಕೆ ಈಚೆ ಬರುತ್ತದೆ.

ಎರಡನೆಯ ಕರಡಿನಲ್ಲಿ ಒಬ್ಬ ರಸಜ್ಞನಿದ್ದ. ಗ್ಲಾಸನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಣ್ಣು ಮುಚ್ಚಿ ನಾಲ್ಕು ಪುಟ ಮಾತಾಡಿದ. ಐದನೆಯ ಪುಟಕ್ಕೆ ನನಗೇ ಆಕಳಿಕೆ ಬಂತು. ಅವನನ್ನು ಅಲ್ಲೇ ಬಿಟ್ಟು ಬಂದೆ. ಈಗಲೂ ಗ್ಲಾಸು ತಿರುಗಿಸುತ್ತಲೇ ಇರಬೇಕು, ಪಾಪ.

(ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನನಗೆ ಗೊತ್ತಿರುವ ವೈನು ಎರಡೇ ಜಾತಿ: ಇಷ್ಟವಾಗುವುದು, ಇಷ್ಟವಾಗದ್ದು. ಇಷ್ಟವಾದದ್ದರ ಹೆಸರು ಮರೆಯುತ್ತದೆ, ಇಷ್ಟವಾಗದ್ದರ ಹೆಸರು ನೆನಪಿರುತ್ತದೆ. ಇಷ್ಟು ಬಂಡವಾಳದಲ್ಲಿ ಕಥೆ ಬರೆಯಲು ಕೂತವನ ಧೈರ್ಯ ನೋಡಿ.)

೨

ಹಾಗಾಗಿ ಮೂರನೆಯ ಸಲ ಬಾಟಲಿಯಿಂದಲ್ಲ, ಕಲೆಯಿಂದ ಶುರು ಮಾಡುತ್ತೇನೆ. (ಬಟ್ಟೆಯ ಮೇಲೆ ಬೀಳುವ ಕಲೆ. ಆ ಇನ್ನೊಂದು ಕಲೆಯನ್ನು ನೆನೆದು ಆಗಲೇ ಮುಗುಳ್ನಕ್ಕವರು ಸಾವರಿಸಿಕೊಳ್ಳಿ. ಆ ಆಟ ಇಲ್ಲಿಲ್ಲ.)

ಬಸ್ಸು ತಿರುಗುವ ಮೂಲೆಯಲ್ಲಿ ಒಂದು ಡ್ರೈಕ್ಲೀನಿಂಗ್ ಅಂಗಡಿ. ಗಾಜಿನ ಬಾಗಿಲು, ಒಳಗೆ ಕೌಂಟರು, ಕೌಂಟರಿನ ಹಿಂದೆ ನಂಬರಿನ ಚೀಟಿ ಹಚ್ಚಿದ ಕೋಟುಗಳ ಸಾಲು, ಅದರ ಹಿಂದೆ ಬುಸ್ಸೆನ್ನುವ ಆವಿಯ ಇಸ್ತ್ರಿ. ಅದರ ಯಜಮಾನನನ್ನು ಬೀದಿಯವರೆಲ್ಲ 'ಲಾಂಡ್ರಿ ಮಾಮ' ಎನ್ನುತ್ತಾರೆ, ಅವನಿಗಿಂತ ಹತ್ತು ವರ್ಷ ದೊಡ್ಡವರೂ. ಮೂವತ್ತೊಂದು ವರ್ಷದಿಂದ ಅವನು ಬೇರೆಯವರ ಕೈತಪ್ಪುಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ವಾಪಸು ಕೊಡುತ್ತಿದ್ದಾನೆ.

ಅವನು ಬಟ್ಟೆಯನ್ನು ಕಣ್ಣಿಗಿಂತ ಮೊದಲು ಮೂಗಿಗೆ ಹಿಡಿಯುತ್ತಾನೆ. ಎಣ್ಣೆಯೋ, ಬೆವರೋ, ಔಷಧವೋ, ಮೂಗು ಹೇಳಿದ ಮೇಲೆಯೇ ಕೈ ಕೆಲಸಕ್ಕೆ ಇಳಿಯುವುದು. ಅವನು ಸಹಿಸದ ವಾಸನೆ ಒಂದೇ: ಮುಗ್ಗಲು. ಹಸಿಹಸಿಯಾಗಿಯೇ ಮಡಚಿ ಮೂಲೆಗೆ ಒಟ್ಟಿ ಮರೆತ ಬಟ್ಟೆಯಿಂದ ಬರುತ್ತದಲ್ಲ, ಅದು. ಬಾಗಿಲಲ್ಲಿ ಚೀಲ ಕಂಡರೆ ಸಾಕು, "ಒಣಗಿಸದೇ ಮಡಚಿದ್ದೀರಿ" ಎಂದುಬಿಡುತ್ತಾನೆ. ಚೀಲ ಬಿಚ್ಚಿದರೆ ಹಾಗೇ ಇರುತ್ತದೆ.

ಅಂಗಡಿಗೆ ಎರಡು ಪದ್ಧತಿ. ಒಂದು, ಕಲೆಯನ್ನು ಉಜ್ಜಬಾರದು, ಒತ್ತಬೇಕು. ಉಜ್ಜಿದರೆ ನೂಲಿನೊಳಗೆ ಇಳಿದು ಅಲ್ಲೇ ಸಂಸಾರ ಹೂಡುತ್ತದೆ. ಎರಡು, ಒಗೆಯುವ ಮುಂಚೆ ಜೇಬು ನೋಡಬೇಕು. ಸಿಕ್ಕಿದ್ದು ಬೀಗದ ಕೈಯೋ, ಉಂಗುರವೋ, ಯಾರೋ ಯಾರಿಗೋ ಬರೆದ ಕಾಗದವೋ, ಎಲ್ಲವೂ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ. ವಾರಸುದಾರರು ಬಂದಾಗ ಹೇಳುವ ಮಾತೂ ಒಂದೇ: "ಜೇಬಲ್ಲಿ ಒಂದು ವಸ್ತು ಇತ್ತು. ಡಬ್ಬಿಗೆ ಹಾಕಿದ್ದೀವಿ." ಏನು ವಸ್ತು, ಯಾಕೆ ಇತ್ತು, ಇದೆಲ್ಲ ಕೇಳುವ ಹಾಗಿಲ್ಲ. ಎಷ್ಟೋ ಮದುವೆಗಳು ಆ ಡಬ್ಬಿಯ ಮುಚ್ಚಳದ ದಯೆಯಿಂದ ಉಳಿದಿವೆ ಎಂದು ನನ್ನ ಅನುಮಾನ. ಅವನನ್ನು ಕೇಳಿದೆ. ಹೇಳಲಿಲ್ಲ.

೩

ಬಹಳ ವರ್ಷ ಅವನಿಗೆ ವೈನೆಂದರೆ ಶತ್ರು. ಬಿಳಿ ಅಂಗಿಯ ಎದೆ ಮೇಲೆ, ರೇಷ್ಮೆಯ ಸೆರಗಂಚಿನ ಮೇಲೆ, ಸೋಮವಾರ ಬೆಳಿಗ್ಗೆ ಕೌಂಟರಿಗೆ ಬರುವ ಕೆಂಪು. ತಣ್ಣೀರಲ್ಲಿ ಒತ್ತು, ವಿನೆಗರಿನಲ್ಲಿ ಒತ್ತು, ಸ್ವಲ್ಪ ಕಾಯು, ಮತ್ತೆ ಒತ್ತು. ಕುಡಿಯುವ ಯೋಚನೆಯೇ ಬಂದಿರಲಿಲ್ಲ.

ಒಮ್ಮೆ ಒಬ್ಬಾಕೆಯ ಮದುವೆಯ ಉಡುಪನ್ನು ಮದುವೆಯ ಹಿಂದಿನ ದಿನ ಕಲೆ ತೆಗೆದು ಉಳಿಸಿಕೊಟ್ಟ. ಆಕೆ ಖುಷಿಗೆ ಒಂದು ಬಾಟಲಿ ಕೈಗಿಟ್ಟು ಹೋದಳು. ಭಾನುವಾರ ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಗ್ಲಾಸಿಗೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಆಮೇಲೆ ಹೆಂಡತಿಯನ್ನು ಕರೆದು, "ಇಷ್ಟು ವರ್ಷ ಇದನ್ನಾ ಕಣೇ ನಾನು ಒಗೆದು ಒಗೆದು ಚರಂಡಿಗೆ ಬಿಟ್ಟಿದ್ದು!" ಎಂದ.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂಲೆಯಂಗಡಿಯ ಒಂದೇ ಜಾತಿಯ ಬಾಟಲಿ. ಅದಕ್ಕೆ ಬಿರಡೆ ಇಲ್ಲ, ತಿರುಪಿನ ಮುಚ್ಚಳ. ಅವನಿಗೆ ಒಂದೂವರೆ ಗ್ಲಾಸು. ಹೆಂಡತಿಗೆ ಅರ್ಧ ಗ್ಲಾಸು, ಅದರಲ್ಲಿ ಒಂದು ಐಸ್ ತುಂಡು.

"ಅದಕ್ಕೆ ಐಸ್ ಹಾಕಬಾರದಂತೆ," ಎಂದು ಅವನು ಒಮ್ಮೆ ಹೇಳಿ ನೋಡಿದ.

"ಯಾರಂತೆ? ಅವರ ಗ್ಲಾಸಿಗೆ ಹಾಕಿದ್ನಾ ನಾನು?"

ವೈನಿನ ಬಗ್ಗೆ ಆ ಮನೆಯಲ್ಲಿ ನಡೆದ ಚರ್ಚೆ ಇಷ್ಟೇ. ಆದರೂ ಹೇಳುತ್ತೇನೆ, ಆ ಮೆಟ್ಟಿಲ ಮೇಲೆ ಆ ಇಬ್ಬರು ಕುಡಿದಷ್ಟು ಸುಖವಾಗಿ ನನ್ನ ರಸಜ್ಞ ನಾಲ್ಕು ಪುಟದಲ್ಲೂ ಕುಡಿಯಲಿಲ್ಲ.

೪

ಇನ್ನು ಕಥೆಗೆ ಸಂಕಟ ಬೇಕು. ಸಂಕಟವಿಲ್ಲದ ವೈನು ಜಾಹೀರಾತಾಗುತ್ತದೆ.

ಸಂಕಟ ಮಗಳ ರೂಪದಲ್ಲಿ ಬಂತು. ಒಬ್ಬಳೇ ಮಗಳು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ಪವರ್ ನೋಡುವ ಕೆಲಸ. ಲಿಫ್ಟ್ ಎಂಜಿನಿಯರ್ ಹುಡುಗನೊಬ್ಬನನ್ನು ಮೆಚ್ಚಿದ್ದಾಳೆ. ಹುಡುಗನಿಗೆ ತಂದೆಯಿಲ್ಲ, ತಾಯಿ ಇದ್ದಾರೆ. ಆ ತಾಯಿ, ಅಂದರೆ ಬೀಗಿತ್ತಿಯಾಗಲಿರುವವರು, ವೈನ್ ರುಚಿ ನೋಡುವುದನ್ನು ಜನರಿಗೆ ಕಲಿಸುವವರು. ಪ್ರತಿ ಸೋಮವಾರ ಅವರ ತರಗತಿಗೆ ಹದಿನಾರು ಜನ.

ಬೀಗರ ಮನೆಯ ಮೊದಲ ಊಟದ ಹಿಂದಿನ ದಿನ, ಶನಿವಾರ. ಎಂಟು ವರ್ಷದವಳಿದ್ದಾಗಿನಿಂದ ಮಗಳು ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದು ಜೇಬು ನೋಡಿಕೊಡುತ್ತಾಳೆ. ಆ ದಿನವೂ ಬಂದಿದ್ದಳು. ಫೋನು ಬಂತು. ಕೋಟುಗಳ ಸಾಲಿನ ಹಿಂದೆ ಅಪ್ಪ ಇದ್ದಾನೆಂದು ಮರೆತು, ಹುಡುಗನ ತಾಯಿಗೆ ಹೇಳಿದಳು: "ಅಪ್ಪಂದು... ಟೆಕ್ಸ್‌ಟೈಲ್ ಲೈನು ಆಂಟಿ."

ಲಾಂಡ್ರಿ ಮಾಮನ ಕೈಯಲ್ಲಿದ್ದ ಹ್ಯಾಂಗರು ಹಾಗೇ ನಿಂತಿತು. ಸುಳ್ಳಲ್ಲ. ಬಟ್ಟೆಯದೇ ಕೆಲಸ. ಆದರೆ ಹೇಳುವಾಗ ಅವಳು ಕಣ್ಣು ತಗ್ಗಿಸಿದಳು, ಎದುರಿಗೆ ಯಾರೂ ಇಲ್ಲದಿದ್ದರೂ. ಅದು ಅವನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. 'ಇವರು ನಮ್ಮಪ್ಪ' ಎಂದು ಹೇಳುವಾಗ ಮಗಳು ಕಣ್ಣು ತಗ್ಗಿಸಬಾರದು, ಅಷ್ಟೇ ಸಾಕು ಎಂದು ಅವನಿಗೆ ಆ ಕ್ಷಣ ಅನ್ನಿಸಿತು. ಈ ಕಥೆಯಲ್ಲಿ ಪಣಕ್ಕಿರುವುದು ಇದೊಂದೇ. ಬೇರೆ ಏನನ್ನಾದರೂ ಕಾಯುತ್ತ ಕೂತರೆ ಅದು ನಿಮ್ಮ ಜವಾಬ್ದಾರಿ.

ಫೋನಿಟ್ಟು ಅವಳು ಒಂದು ಚೀಟಿ ಬರೆದು ತಂದಳು.

"ಅಪ್ಪ, ಆಂಟಿ ಕೇಳಿದ್ರೆ ಇದರಲ್ಲಿ ಒಂದೆರಡು ಹೇಳು ಸಾಕು. ಬ್ಲ್ಯಾಕ್‌ಬೆರ್ರಿ. ಓಕ್. ಟ್ಯಾನಿನ್. ಲಾಂಗ್ ಫಿನಿಶ್."

"ಟ್ಯಾನಿನ್ ಗೊತ್ತು ಕಣಮ್ಮ! ಚಹಾ ಕಲೇಲೂ ಅದೇ ಇರೋದು. ಅದಕ್ಕೇ ಬಿಸಿನೀರು ಹಾಕಬಾರದು, ಹಾಕಿದ್ರೆ—"

"ಅದನ್ನೇ ಹೇಳಬೇಡ ಅಂತಿರೋದು! ನಾಳೆ ಒಂದು ದಿನ, ಒಂದೇ ಒಂದು ದಿನ, ಲಾಂಡ್ರೀನ ಅಂಗಡೀಲೇ ಬಿಟ್ಟು ಬಾ ಅಪ್ಪ. ಆಮೇಲೆ ಅವರನ್ನ ಮೇಡಂ ಅನ್ನಬೇಡ. ಮತ್ತೆ ನಿನ್ನ ಆ ತಿರುಪಿನ ಬಾಟಲಿ ತರಬೇಡ."

"ಆಯ್ತು ಬಿಡು," ಎಂದ. ಚೀಟಿಯನ್ನು ನಾಳೆಯ ಊಟಕ್ಕೆಂದು ತೆಗೆದಿಟ್ಟಿದ್ದ ಕೋಟಿನ ಎಡಜೇಬಿಗೆ ಇಟ್ಟ. (ಎಡಜೇಬು ಎಂಬುದನ್ನು ನೆನಪಿಡಿ. ಬಲಜೇಬು ಖಾಲಿ ಇರಬೇಕು, ನನಗೆ ಕೆಲಸವಿದೆ.)

೫

ಊಟದ ಮನೆ. ಆರನೆಯ ಮಹಡಿ, ದೊಡ್ಡ ಕಿಟಕಿ, ಉದ್ದನೆಯ ಮೇಜು, ಮೇಜಿನ ಮೇಲೆ ಬಿಳಿಯ ಲಿನನ್ ಬಟ್ಟೆ. ಲಾಂಡ್ರಿ ಮಾಮ ಮನೆಗಿಂತ ಮೊದಲು ಬಟ್ಟೆಯನ್ನು ನೋಡಿದ. ಒಳ್ಳೆಯ ನೂಲು, ಮನೆಯಲ್ಲೇ ಒಗೆದದ್ದು, ಇಸ್ತ್ರಿ ಮಾತ್ರ ಅಡ್ಡಾದಿಡ್ಡಿ. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದ.

"ಬನ್ನಿ, ಬನ್ನಿ, ಬೀಗರೇ!" ಬೀಗಿತ್ತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಬಾಯ್ತುಂಬ ಕರೆದರು. ನಾನು ಜಂಬದವರನ್ನು ಬರೆಯಬೇಕೆಂದಿದ್ದೆ, ಅವರು ಹಾಗೆ ಬರಲಿಲ್ಲ. ಚಪ್ಪಲಿಯಿಲ್ಲದ ಕಾಲು, ಏಪ್ರನ್ನಿನ ಮೇಲೆ ಹಿಟ್ಟು, ಜೋರು ನಗು.

ಲಾಂಡ್ರಿ ಮಾಮನ ಮೂಗು ಆಗಲೇ ಎಚ್ಚೆತ್ತಿತ್ತು. ಸೀದ ವಾಸನೆ. ಅವರ ಬೆನ್ನ ಹಿಂದೆ, ಎರಡೇ ಹೆಜ್ಜೆ ದೂರದ ಓವನ್ನಿನಿಂದ.

"ಏನೋ ಸೀದ ಹಾಗಿದೆಯಲ್ಲಾ," ಎಂದಳು ಅವನ ಹೆಂಡತಿ.

"ಅಯ್ಯೋ ನನ್ನ ಬ್ರೆಡ್ಡೇ! ಮಾತಲ್ಲಿ ಮರೆತೇಬಿಟ್ಟೆ ನೋಡಿ." ಬೀಗಿತ್ತಿ ಒಳಗೋಡಿದರು.

ಐದು ಜನ ಮೇಜಿಗೆ ಕೂತರು. ಹುಡುಗನಿಗೆ ವೈನಿಲ್ಲ. ಒಂದು ಗುಟುಕು ಕುಡಿದರೂ ಮೈಯೆಲ್ಲ ದದ್ದು ಏಳುತ್ತದಂತೆ. ಬೀಗಿತ್ತಿ ಒಂದು ಬಾಟಲಿ ತಂದರು. "ಇದನ್ನ ಹನ್ನೆರಡು ವರ್ಷದಿಂದ ಎತ್ತಿಟ್ಟಿದ್ದೆ. ಸೊಸೆ ಬರೋ ದಿನಕ್ಕೆ." ಮಗಳ ಮುಖ ಅರಳಿತು. ಬೀಗಿತ್ತಿ ಬಿರಡೆ ಎಳೆದರು, ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿ ನಕ್ಕರು, ಗೌರವಕ್ಕೆಂದು ಅದನ್ನು ಲಾಂಡ್ರಿ ಮಾಮನ ಕೈಗೆ ಕೊಟ್ಟರು.

ಅವನು ಮೂಸಿದ. ಮುಗ್ಗಲು!

ದುಬಾರಿ ವೈನಿನ ವಾಸನೆಯೇ ಹೀಗೇನೋ ಎಂಬ ಅನುಮಾನ ನಿಮಗೆ ಬರಬಹುದು. ಅವನಿಗೆ ಬರಲಿಲ್ಲ. ಮೂವತ್ತೊಂದು ವರ್ಷ ಕೈಕೊಡದ ಮೂಗು. ಬಿರಡೆ ಕೆಟ್ಟು, ಒಳಗಿನದನ್ನೂ ಕೆಡಿಸಿತ್ತು. ಹಸಿ ಟವೆಲನ್ನು ಚೀಲದಲ್ಲಿ ಕಟ್ಟಿಟ್ಟು ಒಂದು ತಿಂಗಳ ಮೇಲೆ ಬಿಚ್ಚಿದ ಹಾಗೆ. ಆದರೆ ಬೀಗಿತ್ತಿ ಆಗಲೇ ನಾಲ್ಕು ಗ್ಲಾಸಿಗೆ ಬಗ್ಗಿಸಿ, ತಮ್ಮದನ್ನು ತಿರುಗಿಸಿ, ಮೂಗು ಇಳಿಸಿ, "ಆಹಾ... ಕಪ್ಪು ಚೆರ್ರಿ. ಒಣಗಿದ ಗುಲಾಬಿ. ಹಿಂದೆ ಸ್ವಲ್ಪ ದೇವದಾರು" ಎನ್ನುತ್ತಿದ್ದರು.

ಲಾಂಡ್ರಿ ಮಾಮ ಅವರ ಮುಖವನ್ನೇ ನೋಡಿದ. ವಾಸನೆ ತಾಕಿದಾಗ ಮುಖದಲ್ಲಿ ಏನಾಗುತ್ತದೆಂದು ದಿನವಿಡೀ ಮೂಸುವವನಿಗೆ ಗೊತ್ತು. ಹುಬ್ಬಿನ ನಡುವೆ ಏನೋ ಒಂದಿಷ್ಟು ಕದಲುತ್ತದೆ. ಇವರ ಮುಖದಲ್ಲಿ ನಗು ಇತ್ತು, ಕದಲಿಕೆ ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಸೀಯುತ್ತಿದ್ದ ಬ್ರೆಡ್ಡು ನೆನಪಾಯಿತು. ಈ ಹೆಂಗಸಿಗೆ ಮೂಗು ಹೋಗಿದೆ. ಹೇಳುತ್ತಿರುವುದೆಲ್ಲ ನೆನಪಿನಿಂದ. ಮೇಜಿನ ಸುತ್ತ ಅದು ಯಾರಿಗೂ ಗೊತ್ತಿಲ್ಲ, ಹೆತ್ತ ಮಗನಿಗೂ.

ಬಿರಡೆ ಬೇರೆಯವರ ಕೈಗೆ ಹೋಗದಿರಲೆಂದು ಮೆಲ್ಲಗೆ ಬಲಜೇಬಿಗೆ ಇಳಿಬಿಟ್ಟ.

೬ (ಇಲ್ಲಿ ನಾನು ಬಾಯಿ ಹಾಕುತ್ತೇನೆ)

ಓದುಗರೇ, ಕಥೆಗಾರನಿಗೆ ಇಂಥ ಗಳಿಗೆ ಬದುಕಿನಲ್ಲಿ ಎರಡೋ ಮೂರೋ ಸಲ ಸಿಗುತ್ತದೆ. ಮುಕ್ತಾಯ (ಅ) ಬರೆದೇಬಿಟ್ಟೆ: ಲಾಂಡ್ರಿ ಮಾಮ ಎದ್ದು ನಿಂತು, "ಕ್ಷಮಿಸಿ, ಈ ವೈನು ಕೆಟ್ಟಿದೆ" ಎನ್ನುತ್ತಾನೆ. ಎಲ್ಲರೂ ದಂಗು. ಎರಡನೆಯ ಬಾಟಲಿಯಿಂದ ಅವನ ಮಾತು ನಿಜವಾಗುತ್ತದೆ. ಮಗಳು ತಲೆಯೆತ್ತಿ, "ಇವರು ನಮ್ಮಪ್ಪ. ಡ್ರೈಕ್ಲೀನರ್!" ಎನ್ನುತ್ತಾಳೆ. ನನ್ನ ಕಣ್ಣೇ ಒದ್ದೆಯಾಯಿತು.

"ಸ್ವಾಮಿ, ಇದನ್ನ ಹೊಡೆದು ಹಾಕಿ," ಎಂದ ಲಾಂಡ್ರಿ ಮಾಮ.

"ಯಾಕಯ್ಯಾ? ನಿನ್ನ ಮಗಳು ಕಣ್ಣೆತ್ತಿದಳಲ್ಲ, ನಿನಗೆ ಬೇಕಿದ್ದಿದ್ದೂ ಅದೇ ತಾನೇ?"

"ಬೇಕು. ಆದ್ರೆ ಅವರ ಜೇಬಲ್ಲಿ ಕೈ ಹಾಕಿ ಅಲ್ಲ."

"ಇದು ಜೇಬಲ್ಲ, ಮೂಗು."

"ಎಲ್ಲ ಒಂದೇ. ಅವರು ಮುಚ್ಚಿಟ್ಟಿದ್ದು ನನ್ನ ಕೈಗೆ ಸಿಕ್ತು. ಡಬ್ಬಿಗೆ ಹಾಕ್ಬೇಕು, ಅಷ್ಟೆ."

ಸರಿ, ಮುಕ್ತಾಯ (ಆ): ಬೀಗಿತ್ತಿಯೇ ಎಲ್ಲರ ಮುಂದೆ ಒಪ್ಪಿಕೊಂಡು ಅಳುತ್ತಾರೆ. ಅವರು ನನ್ನತ್ತ ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟೆ. "ನಾಳೆ ಸೋಮವಾರ," ಎಂದರು. "ಹದಿನಾರು ಜನ ಬರ್ತಾರೆ. ನೀವು ಬಂದು ಪಾಠ ಮಾಡ್ತೀರಾ?"

ನಾನು ಮಾಡಲಾರೆ. ನನ್ನ ಬಂಡವಾಳ ನಿಮಗೆ ಗೊತ್ತೇ ಇದೆ.

ಮುಕ್ತಾಯ (ಇ): ಎಲ್ಲರೂ ಸುಮ್ಮನೆ ಮುಗ್ಗಲು ವೈನು ಕುಡಿದು, ಚೆನ್ನಾಗಿದೆ ಎಂದು, ಮನೆಗೆ ಹೋಗುತ್ತಾರೆ. ಇದು ಎಷ್ಟೋ ಊಟಗಳಲ್ಲಿ ನಡೆಯುವುದೇ. ಆದರೆ ಇದಕ್ಕೆ ಅವನ ಹೆಂಡತಿ ಬಿಡಬೇಕಲ್ಲ.

೭

ಮಗಳು ಒಂದು ಗುಟುಕು ಕುಡಿದು, "ತುಂಬಾ ಚೆನ್ನಾಗಿದೆ ಆಂಟಿ, ಹಳೇ ವೈನಿನ ವಾಸನೆನೇ ಬೇರೆ" ಎಂದಳು. ಪಾಪ, ಮುಗ್ಗಲೆಂದರೇನೆಂದು ಅಪ್ಪನ ಕೌಂಟರಿನಲ್ಲೇ ಕಲಿತವಳು. ಆದರೆ ಇದು ಹನ್ನೆರಡು ವರ್ಷದ ಬಾಟಲಿ, ಎದುರಿಗೆ ಗುರುಗಳು, ಹೆಗಲ ಮೇಲೆ ಭಯ. ಹೆದರಿದ ಮೂಗು ಹೇಳಿಕೊಟ್ಟದ್ದನ್ನೇ ಮೂಸುತ್ತದೆ.

ಅವನ ಹೆಂಡತಿಗೆ ಭಯ ಗಿಯ ಏನೂ ಇಲ್ಲ. ಗ್ಲಾಸೆತ್ತಿದಳು, ಮೂಸಿದಳು, ಮೂಗು ಮುರಿದಳು.

"ಏನ್ರೀ ಇದು, ಒಂಥರಾ ಗೋಣೀಚೀ—"

ಲಾಂಡ್ರಿ ಮಾಮನ ಎಡ ಮೊಣಕೈ ಬಾಟಲಿಗೆ ತಾಕಿತು.

ಒಂದು ಬಾಟಲಿಯಲ್ಲಿ ಎಷ್ಟು ವೈನಿರುತ್ತದೆಂದು ತಿಳಿಯಬೇಕಾದರೆ ಬಿಳಿಯ ಲಿನನ್ನಿನ ಮೇಲೆ ಚೆಲ್ಲಿ ನೋಡಬೇಕು. ಕೆಂಪು ಮೇಜಿನುದ್ದಕ್ಕೂ ಹರಿಯಿತು. ಮಗಳು "ಅಪ್ಪಾ!" ಎಂದಳು. ಆ ಒಂದು ಪದದಲ್ಲಿ ಎಷ್ಟು ಸಿಟ್ಟು, ಎಷ್ಟು ಸಂಕಟ ಇತ್ತೆಂದು ನಾನು ಬರೆಯಲಾರೆ. ಅವನಿಗೆ ಕೇಳಿಸಿತು. ಕೇಳಿಸಿಯೂ ಕೇಳದವನಂತೆ ಎದ್ದು ನಿಂತ.

"ಗ್ಲಾಸೆಲ್ಲ ಎತ್ತಿ! ಬಟ್ಟೆ ಈಗ್ಲೇ ನೀರಿಗೆ ಹೋಗಬೇಕು. ಒಂದು ನಿಮಿಷ ತಡ ಮಾಡಿದ್ರೂ ಟ್ಯಾನಿನ್ ಹಿಡ್ಕೊಳುತ್ತೆ!" ಯಾರೂ ಮಾತಾಡುವ ಮುಂಚೆ ನಾಲ್ಕು ಗ್ಲಾಸೂ ಅವನ ಕೈಯಲ್ಲಿದ್ದವು, ಬಟ್ಟೆ ಕಂಕುಳಲ್ಲಿತ್ತು. ಮಗಳು ಅಂಗಡಿಯಲ್ಲೇ ಬಿಟ್ಟು ಬಾ ಎಂದಿದ್ದ ಲಾಂಡ್ರಿ ಪೂರ್ತಿಯಾಗಿ ಆ ಊಟದ ಮನೆಗೆ ಬಂದು ಇಳಿದಿತ್ತು.

೭ರ ಮುಂದಿನದು, ಅಡುಗೆಮನೆಯಲ್ಲಿ

ನಾಲ್ಕು ಗ್ಲಾಸಿನ ವೈನನ್ನೂ ಸಿಂಕಿಗೆ ಸುರಿದು, ನಲ್ಲಿ ಬಿಟ್ಟು, ಬಟ್ಟೆಯನ್ನು ತಣ್ಣೀರಿನ ಕೆಳಗೆ ಹಿಡಿದು ಅಂಗೈಯಿಂದ ಒತ್ತತೊಡಗಿದ. ಬೀಗಿತ್ತಿ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

"ನಿಮ್ಮಂಥವರ ಕೈಯಿಂದ ಬಾಟಲಿ ಉರುಳಲ್ಲ," ಎಂದರು.

ಅವನು ಒತ್ತುತ್ತಲೇ ಇದ್ದ.

"ಕೆಟ್ಟಿತ್ತಾ?"

"ಬಟ್ಟೆ ಸರಿಹೋಗುತ್ತೆ ಮೇಡಂ. ನಾನು ತಗೊಂಡು ಹೋಗಿ ಮಾಡಿಕೊಡ್ತೀನಿ."

"ಎಷ್ಟು ದಿನದಿಂದ ಅಂತ ಕೇಳಲ್ವಾ?"

"ನಮ್ಮಂಗಡೀಲಿ ಕೇಳಲ್ಲ. ಪದ್ಧತಿ."

ಬೀಗಿತ್ತಿ ಸಿಂಕಿನ ಅಂಚನ್ನು ಹಿಡಿದುಕೊಂಡರು. "ಹೋದ ಚಳಿಗಾಲದ ಜ್ವರದಿಂದ," ಎಂದರು, ಕೇಳದಿದ್ದರೂ. "ಕಾಫಿ, ಸೋಪು, ಹಸಿ ಮಣ್ಣು, ಏನೂ ಇಲ್ಲ. ಡಾಕ್ಟ್ರು ಬರಬಹುದು ಅಂತಾರೆ. ಮಗನಿಗೆ ಹೇಳಿಲ್ಲ, ಹೆದರ್ತಾನೆ. ಬಾಟಲಿ ಮೇಲಿನ ಹೆಸರು ನೋಡ್ತೀನಿ, ಹಿಂದೆ ಹೇಗಿತ್ತು ಅಂತ ನೆನೆಸಿಕೊಂಡು ಹೇಳ್ತೀನಿ. ತಪ್ಪು ಅಂತ ಗೊತ್ತು."

ಅವನಿಗೆ ಅವರ ಮೇಲೆ ತುಂಬಾ ಕನಿಕರ ಬಂತು. ತನ್ನ ಮೂಗೇ ಹೋದರೆ ತಾನೇನು ಮಾಡುತ್ತಿದ್ದೆ ಎಂದು ಯೋಚಿಸಿದ. ಬಹುಶಃ ಇದನ್ನೇ ಮಾಡುತ್ತಿದ್ದ.

"ಉಜ್ಜಬೇಡಿ," ಎಂದ, ಅವರು ಗಾಬರಿಯಲ್ಲಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಉಜ್ಜುತ್ತಿದ್ದರು. "ಒತ್ತಿ. ಹೀಗೆ."

ಇಬ್ಬರೂ ಒತ್ತಿದರು.

೮

ಮೇಜಿಗೆ ಮರಳಿದಾಗ ಮಗಳು ತಟ್ಟೆ ನೋಡುತ್ತ ಕೂತಿದ್ದಳು. ಹುಡುಗ ಅವಳಿಗೆ ನೀರು ಕೊಟ್ಟಿದ್ದ, ಕುಡಿದಿರಲಿಲ್ಲ.

"ಬರಿಗೈಲಿ ಬರೋದು ಹೇಗೆ ಅಂತ ಒಂದು ತಂದಿದ್ದೆ," ಎಂದು ಅವನ ಹೆಂಡತಿ ಕೈಚೀಲದಿಂದ ಟವೆಲು ಸುತ್ತಿದ ಬಾಟಲಿ ತೆಗೆದಳು. ತಿರುಪಿನ ಮುಚ್ಚಳ. ಮಗಳು ಕಣ್ಣು ಮುಚ್ಚಿಕೊಂಡಳು.

ಕರ್‍ರೆಂದು ಮುಚ್ಚಳ ತಿರುಗಿತು. (ಟಪ್ ಎನ್ನುವ ಸದ್ದಿಗೆ ಕಾದವರಿಗೆ ಇಷ್ಟೇ ಸಿಗುವುದು.) ಬೀಗಿತ್ತಿ ಗ್ಲಾಸು ಕೈಗೆತ್ತಿಕೊಂಡರು, ತಿರುಗಿಸಲಿಲ್ಲ.

"ಇವತ್ತು ನಾನು ಮಾತಾಡಲ್ಲ. ಬೀಗರೇ, ನೀವು ಹೇಳಿ. ಹೇಗಿದೆ ಇದು?"

ಎಡಜೇಬಿನ ಚೀಟಿ ಅವನಿಗೆ ನೆನಪಾಯಿತು. ಬ್ಲ್ಯಾಕ್‌ಬೆರ್ರಿ. ಓಕ್. ಮಗಳು ತಟ್ಟೆಯಿಂದ ತಲೆಯೆತ್ತದೆ ತುಟಿಯಲ್ಲೇ ಏನೋ ಹೇಳುತ್ತಿದ್ದಳು. ಲಾಂಗ್ ಫಿನಿಶ್ ಇರಬೇಕು. ಆ ಚೀಟಿ ಓದಿದ್ದರೆ ಮಗಳಿಗೆ ಸಮಾಧಾನವಾಗುತ್ತಿತ್ತು. ಆದರೆ ಎದುರಿಗಿದ್ದ ಬೀಗಿತ್ತಿ ನಿಜವಾಗಿ ಕೇಳುತ್ತಿದ್ದರು. ಹೋದ ಚಳಿಗಾಲದಿಂದ ಯಾವುದರ ವಾಸನೆಯೂ ಇಲ್ಲದವರಿಗೆ ಯಾರೋ ಕಲಿಸಿದ ಪದ ಹೇಳಿ ಏನು ಪ್ರಯೋಜನ?

ಅವನು ಮೂಸಿದ, ಕುಡಿದ, ಅವಸರ ಮಾಡಲಿಲ್ಲ.

"ಮೊದಲಿಗೆ... ಒದ್ದೆ ಹತ್ತಿ ಬಟ್ಟೆ ಮೇಲೆ ಇಸ್ತ್ರಿ ಇಟ್ಟಾಗ ಒಂದು ಬಿಸಿ ವಾಸನೆ ಏಳುತ್ತಲ್ಲ, ಅದು. ಬೆಚ್ಚಗೆ. ಅದು ಹೋಗ್ತಿದ್ದ ಹಾಗೆ ಚೆರ್ರಿ, ಜಾಸ್ತಿ ಹಣ್ಣಾಗಿ ಕಾಗದದ ಪೊಟ್ಟಣಾನೇ ನೆನೆಸಿಬಿಟ್ಟ ಚೆರ್ರಿ."

ಬೀಗಿತ್ತಿ ಕಣ್ಣು ಮುಚ್ಚಿದರು. "ಹ್ಞೂಂ. ಆಮೇಲೆ?"

"ಆಮೇಲೆ ಹೊಸ ಚರ್ಮದ ಬೆಲ್ಟು, ಇನ್ನೂ ತೂತು ಹಾಕಿಲ್ಲದ್ದು. ಕೊನೇಲಿ ಚಹಾದ ಒಗರು. ಗಂಜಿ ಹಾಕಿದ ಕಾಲರ್ ಥರ ನಾಲಗೆ ಮೇಲೆ ನೆಟ್ಟಗೆ ನಿಂತ್ಕೊಳುತ್ತೆ, ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತೆ."

ಬೀಗಿತ್ತಿ ಕುಡಿದರು. ನುಂಗುವ ಮೊದಲು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಅವರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ, ನಾನು ಒಳಗೆ ಹೋಗಿ ನೋಡಲಿಲ್ಲ. ಕಣ್ಣು ತೆರೆದಾಗ ಒದ್ದೆಯಾಗಿದ್ದವು.

"ನಿಂತಿದೆ," ಎಂದರು. "ಕಾಲರ್ ನಿಂತಿದೆ." ಆಮೇಲೆ ಜೋರಾಗಿ ನಕ್ಕು, "ಇನ್ನೂ ಸ್ವಲ್ಪ ಹಾಕಿ" ಎಂದು ಗ್ಲಾಸು ಮುಂದೆ ಮಾಡಿದರು.

"ನನಗೆ ಐಸ್ ಸಿಗುತ್ತಾ?" ಎಂದಳು ಅವನ ಹೆಂಡತಿ.

ಮಗಳು ಕಂಡದ್ದು ಇಷ್ಟು: ಅಪ್ಪ ಹನ್ನೆರಡು ವರ್ಷದ ಬಾಟಲಿ ಉರುಳಿಸಿದ, ಬಟ್ಟೆ ಒಗೆದ, ಮೂಲೆಯಂಗಡಿಯ ವೈನು ಕುಡಿಸಿ ಇಸ್ತ್ರಿ, ಗಂಜಿ ಎಂದ, ದೊಡ್ಡ ಮನಸ್ಸಿನ ಆಂಟಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು.

೯

ಮನೆಗೆ ಮರಳುವ ಬಸ್ಸು ಮೂರನೆಯ ನಿಲ್ದಾಣ ದಾಟಿದ ಮೇಲೆ ಮಗಳು ಬಾಯಿ ಬಿಟ್ಟಳು.

"ಒಂದೇ ಒಂದು ದಿನ ಕೇಳಿದ್ದೆ ಅಪ್ಪ."

"ತಪ್ಪಾಯ್ತು ಮಗಳೇ."

ಹೆಂಡತಿ ಬಾಯಿ ತೆರೆದಳು. ಮೂವತ್ತೊಂದು ವರ್ಷದಲ್ಲಿ ಒಂದು ಲೋಟ ನೀರೂ ಚೆಲ್ಲದ ಗಂಡ. ಅವನು ಅವಳತ್ತ ಒಮ್ಮೆ ನೋಡಿದ. ಅವಳು ಬಾಯಿ ಮುಚ್ಚಿ ಕಿಟಕಿಯಾಚೆ ನೋಡತೊಡಗಿದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ತ್ಯಾಗ ಹಿಂದೆ ನಡೆದದ್ದಿಲ್ಲ.

"ಹೇಳಿಬಿಡಯ್ಯಾ," ಎಂದೆ ನಾನು. "ಮಗಳಿಗೊಬ್ಬಳಿಗೆ. ಅವಳು ಯಾರಿಗೂ ಹೇಳಲ್ಲ."

"ಅವಳು ಆ ಮನೆಗೆ ಹೋಗೋಳು ಸ್ವಾಮಿ. ದಿನಾ ಅತ್ತೆ ಮೂಗು ನೋಡ್ಕೊಂಡು ಊಟ ಮಾಡ್ಬೇಕಾ?"

"ಹಾಗಾದರೆ ನೀನು ದಡ್ಡನಾಗೇ ಉಳೀತೀಯ."

"ಉಳಿದ್ರೆ ಉಳೀತೀನಿ ಬಿಡಿ. ಒತ್ತಿದ್ರೆ ಹೋಗುತ್ತೆ, ಟೈಮ್ ಬೇಕು ಅಷ್ಟೆ." ಅವನಿಗೆ ಇದರಲ್ಲಿ ಚೂರೂ ಅನುಮಾನವಿರಲಿಲ್ಲ. ನೋವಿತ್ತು, ಅದು ಬೇರೆ.

ಇಂಥ ಪಾತ್ರವನ್ನು ಇಟ್ಟುಕೊಂಡು ಕಥೆಗಾರ ಏಗುವುದು ಹೇಗೆ? ಲಿನನ್ನನ್ನಾದರೂ ಮಗಳು ಮೂಸಲಿ ಎಂದು ಕಾದೆ. ಸೋಮವಾರ ಬೆಳಿಗ್ಗೆಯೇ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸಿಬಿಟ್ಟ. ಒಂದು ಚುಕ್ಕೆ ಉಳಿಸಲಿಲ್ಲ. ಅಷ್ಟು ಚೊಕ್ಕ ಕೆಲಸವನ್ನು ನಾನು ಅಷ್ಟು ಶಪಿಸಿದ್ದು ಅದೇ ಮೊದಲು.

ಆದರೆ ಒಂದನ್ನು ಅವನು ಮರೆತ. ಎಷ್ಟೋ ಸಾವಿರ ಜೇಬು ನೋಡಿದವನು ತನ್ನ ಕೋಟಿನ ಜೇಬು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳುವ ಅಭ್ಯಾಸವೇ ಅವನಿಗಿಲ್ಲ. ಆ ಕೋಟು ವರ್ಷಕ್ಕೊಮ್ಮೆ ಈಚೆ ಬರುವುದು, ಬಂದಾಗ ಮಿಕ್ಕವರ ಕೋಟುಗಳ ಜೊತೆ ಶನಿವಾರದ ರಾಶಿಗೆ ಬೀಳುವುದು.

೧೦

ಶನಿವಾರ ಬೆಳಿಗ್ಗೆ. ವಾರವಿಡೀ ಅಪ್ಪನ ಜೊತೆ ಸರಿಯಾಗಿ ಮಾತಾಡದಿದ್ದರೂ ಮಗಳು ಬಂದಳು. ಅವಳಿಲ್ಲದೆ ಜೇಬು ನೋಡುವವರು ಯಾರು? ರಾಶಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಒಂದು ರೇನ್‌ಕೋಟು: ಬಸ್ ಟಿಕೆಟ್ಟು. ಒಂದು ಪ್ಯಾಂಟು: ಏನಿಲ್ಲ. ಅಪ್ಪನ ಕೋಟು. ಎಡಜೇಬು: ತನ್ನದೇ ಅಕ್ಷರದ ಚೀಟಿ, ಮಡಿಕೆ ಬಿಚ್ಚಿಲ್ಲದ್ದು. ಬಲಜೇಬು: ಬಿರಡೆ.

ಆರು ದಿನ ಕತ್ತಲಲ್ಲಿ ಕೂತ ಬಿರಡೆ. ಎದುರಿಗೆ ಆಂಟಿ ಇಲ್ಲ, ಹನ್ನೆರಡು ವರ್ಷವಿಲ್ಲ, ಭಯವಿಲ್ಲ. ಸುತ್ತಲೂ ಅವಳು ಆಡಿ ಬೆಳೆದ ಅಂಗಡಿ.

ಬೇರೆ ಕಥೆಗಾರನಾಗಿದ್ದರೆ ಈಗ ಬಿರಡೆಯನ್ನು ಅವಳ ಮೂಗಿನ ಬಳಿ ಒಯ್ಯುತ್ತಿದ್ದ. ಅವಳ ಹುಬ್ಬಿನ ನಡುವೆ ಏನೋ ಕದಲಿತೆನ್ನುತ್ತಿದ್ದ. ಸೀದ ಬ್ರೆಡ್ಡು, ಗೋಣೀಚೀಲ, ಮೊಣಕೈ, ಎಲ್ಲವನ್ನೂ ಅವಳ ತಲೆಯಲ್ಲಿ ಒಂದೊಂದಾಗಿ ಜೋಡಿಸುತ್ತಿದ್ದ. ನಾನೂ ಅದನ್ನೇ ಮಾಡಲಿದ್ದೆ, ಪೆನ್ನು ಕೂಡ ಎತ್ತಿದ್ದೆ. ಅಷ್ಟರಲ್ಲಿ ಆವಿಯ ಇಸ್ತ್ರಿಯ ಹಿಂದಿನಿಂದ ಲಾಂಡ್ರಿ ಮಾಮ ನನ್ನತ್ತ ನೋಡಿದ. ಬಸ್ಸಿನಲ್ಲಿ ಹೆಂಡತಿಯನ್ನು ನೋಡಿದ್ದನಲ್ಲ, ಅದೇ ನೋಟ. ನಾನು ಮುಖ ತಿರುಗಿಸಿದೆ. ಹಾಗಾಗಿ ಅವಳು ಮೂಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿದ ಸದ್ದು ಮಾತ್ರ ಕೇಳಿಸಿತು. ಆ ಸದ್ದಿಗೂ ಅವಳು ಜೇಬಿಗೆ ಕೈ ಹಾಕಿದ್ದಕ್ಕೂ ನಡುವೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕಳೆದಿತ್ತು.

ಗಾಜಿನ ಬಾಗಿಲು ತೆರೆಯಿತು. ಯಾರೋ ಗಿರಾಕಿ, ಹೊಸಬರು, ಕೈಯಲ್ಲಿ ಕಲೆಯಾದ ಬಿಳಿ ಅಂಗಿ. "ಇಲ್ಲಿ ಯಜಮಾನ್ರು ಯಾರು?" ಎಂದರು.

"ಇವರು," ಎಂದಳು ಮಗಳು. "ನಮ್ಮಪ್ಪ."

ಆಮೇಲೆ ಅಪ್ಪನ ಕಡೆ ತಿರುಗಿ, ಎಷ್ಟೋ ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ ಅದೇ ದನಿಯಲ್ಲಿ ಹೇಳಿದಳು:

"ಅಪ್ಪ, ನಿನ್ನ ಜೇಬಲ್ಲಿ ಒಂದು ವಸ್ತು ಇತ್ತು. ಡಬ್ಬಿಗೆ ಹಾಕಿದ್ದೀನಿ."

"ಹ್ಞೂಂ," ಎಂದ ಅವನು, ಅಂಗಿಯನ್ನು ಮೂಗಿಗೆ ಹಿಡಿಯುತ್ತ.

ಇಷ್ಟನ್ನು ಮಾತ್ರ ಹೇಳಬಲ್ಲೆ: ಹೇಳುವಾಗ ಅವಳು ಕಣ್ಣು ತಗ್ಗಿಸಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಈ ಅಂಗಡಿಯಲ್ಲಿ ಕೇಳುವ ಪದ್ಧತಿಯಿಲ್ಲ.